ಹಂದಿಯ ಹೃದಯ ಮತ್ತೆ ನಾವು ಕಳಕೊಂಡ ಒಂದು ಸಕ್ಕರೆ

ನಮ್ಮ ಕುಂಬಳೆ, ಬದಿಯಡ್ಕ ಕಡೆ ದಕ್ಷಯಜ್ಞದ ತಾಳಮದ್ದಳೆ ಆದ್ರೆ ಸಾಕು, ಮುಗಿದ ಮೇಲೆ ಒಬ್ರಾದ್ರೂ ಹೇಳ್ತಾರೆ, ದಕ್ಷನಿಗೆ ಆಡಿನ ತಲೆ ಕೂಡಿಸಿದ್ರಲ್ಲ, ಅಂಗ ಕಸಿ ನಮ್ಮಲ್ಲಿ ಆಗ್ಲೇ ಇತ್ತು ಅಂತ. ಪ್ರಸಂಗ ನನಗೂ ಬಹಳ ಇಷ್ಟ, ಆದ್ರೆ ಅದನ್ನು ಸರ್ಜರಿಯ ದಾಖಲೆ ಮಾಡಬೇಡಿ ಮಾರಾಯ್ರೆ. ಇನ್ನು ಕೆಲವರದ್ದು ಬೇರೆ ವಾದ, ಹಂದಿ ಅಶುದ್ಧ ಪ್ರಾಣಿ, ಅದಕ್ಕೇ ಅದರ ಹೃದಯವನ್ನು ಮನುಷ್ಯನ ದೇಹ ಒಪ್ಪುವುದಿಲ್ಲ ಅಂತ. ದನದ ಹೃದಯ ಇಟ್ರೂ ಅದೇ ಗತಿ! ಇಲ್ಲಿ ಶುದ್ಧ ಅಶುದ್ಧದ ಮಾತೇ ಇಲ್ಲ, ಇರುವುದು ಒಂದು ಸಕ್ಕರೆಯ ಕಥೆ.

ಆಲ್ಫಾ-ಗ್ಯಾಲ್ ಅಂತ ಅದರ ಹೆಸರು. ಹಂದಿ, ದನ, ನಾಯಿ, ಇಲಿ, ದಕ್ಷಿಣ ಅಮೆರಿಕದ ಮಂಗಗಳು, ಇವೆಲ್ಲದರ ಜೀವಕೋಶದ ಮೇಲ್ಮೈಯಲ್ಲಿ ಅದು ಉಂಟು. ನಮ್ಮಲ್ಲಿ ಇಲ್ಲ. ಸುಮಾರು 2ರಿಂದ 3 ಕೋಟಿ ವರ್ಷಗಳ ಹಿಂದೆ ನಮ್ಮ, ಚಿಂಪಾಂಜಿ ಗೊರಿಲ್ಲಾದಂಥ ವಾನರಗಳ, ಮತ್ತೆ ಆಫ್ರಿಕಾ ಏಷ್ಯಾದ ಮಂಗಗಳ ಪೂರ್ವಜರಲ್ಲಿ ಅದನ್ನು ಮಾಡುವ ಜೀನ್ ಕೆಟ್ಟುಹೋಯ್ತು. ಕೆಟ್ಟ ಜೀನ್ ಇವತ್ತಿಗೂ ನಮ್ಮೊಳಗೆ ಸುಮ್ಮನೆ ಬಿದ್ದುಕೊಂಡಿದೆ. ಆದ್ರೆ ನಮ್ಮ ಕರುಳಿನ ಬ್ಯಾಕ್ಟೀರಿಯಾಗಳ ಮೈಮೇಲೆ ಇದೇ ತರದ ಸಕ್ಕರೆ ಉಂಟಲ್ಲ, ಅದನ್ನು ನೋಡಿ ನೋಡಿ ನಮ್ಮ ದೇಹ ಮಗುವಾಗಿದ್ದಾಗಲೇ ಅದರ ವಿರುದ್ಧ ಆಂಟಿಬಾಡಿ, ಅಂದ್ರೆ ಹೊರಗಿನದ್ದನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನು, ಮಾಡ್ಲಿಕ್ಕೆ ಶುರು ಮಾಡ್ತದೆ, ರಕ್ತದ ಆಂಟಿಬಾಡಿಗಳಲ್ಲಿ ನೂರಕ್ಕೆ ಹೆಚ್ಚುಕಮ್ಮಿ ಒಂದು ಪಾಲು ಇದಕ್ಕೇ ಮೀಸಲು. ಅಂದ್ರೆ ಜೀವಮಾನದಲ್ಲಿ ಹಂದಿಯನ್ನೇ ನೋಡದವನ ರಕ್ತದಲ್ಲೂ ಹಂದಿಯ ಅಂಗದ ವಿರುದ್ಧ ಸೈನ್ಯ ರೆಡಿ. ಎಷ್ಟು ಸಲ ಯೋಚಿಸಿದ್ರೂ ನನಗೆ ಇದು ಅದ್ಭುತ ಅನಿಸ್ತದೆ.

ಹೃದಯ ಜೋಡಿಸಿ ರಕ್ತ ಬಿಟ್ಟ ಕೂಡ್ಲೇ ಈ ಆಂಟಿಬಾಡಿಗಳು ರಕ್ತನಾಳದ ಒಳಪದರಕ್ಕೆ ಅಂಟ್ತವೆ. ಅಲ್ಲಿ ಕಾಂಪ್ಲಿಮೆಂಟ್ ಅನ್ನುವ ಪ್ರೋಟೀನುಗಳ ಗುಂಪು ಏಳ್ತದೆ. ನಮ್ಮ ಗುಡ್ಡೆಯಲ್ಲಿ ಬೇಸಗೆಗೆ ಮುಳಿಹುಲ್ಲಿಗೆ ಬೆಂಕಿ ಹಿಡಿದ ಹಾಗೆ ಅದು, ಒಂದು ಕಿಡಿ ಹತ್ತನ್ನು, ಹತ್ತು ನೂರನ್ನು ಹಚ್ಚುತ್ತದೆ. ಸುತ್ತ ಹುಲ್ಲು ಕೆತ್ತಿ ತೆಗೆದ ತೋಟಕ್ಕೆ ಬೆಂಕಿ ಬರುವುದಿಲ್ಲ, ಹಾಗೆ ನಮ್ಮ ಜೀವಕೋಶಗಳ ಮೇಲೆ ಅದನ್ನು ತಡೆಯುವ ಪ್ರೋಟೀನುಗಳು ಉಂಟು. ಹಂದಿಯಲ್ಲೂ ಉಂಟು, ಆದ್ರೆ ಮನುಷ್ಯನ ರಕ್ತದ ಎದುರು ಅವು ಸಾಲುವುದಿಲ್ಲ. ಜೀವಕೋಶದ ಪೊರೆ ತೂತಾಗಿ, ರಕ್ತ ಹೆಪ್ಪುಗಟ್ಟಿ, ಹೃದಯ ಊದಿ ಕಪ್ಪಾಗಿ ನಿಮಿಷಗಳಲ್ಲಿ, ಹೆಚ್ಚಂದ್ರೆ ಕೆಲವು ಗಂಟೆಗಳಲ್ಲಿ ನಿಂತುಹೋಗ್ತದೆ.

1984ರಲ್ಲಿ ಅಮೆರಿಕದ ಲೋಮಾ ಲಿಂಡಾದಲ್ಲಿ ಡಾ. ಲಿಯೊನಾರ್ಡ್ ಬೇಲಿ ಒಂದು ಹಸುಗೂಸಿಗೆ ಬಬೂನ್ ಅನ್ನುವ ಆಫ್ರಿಕಾದ ಮಂಗದ ಹೃದಯ ಇಟ್ರು, ಮಗು ಸುಮಾರು 20 ದಿನ ಬದುಕಿತ್ತು. ನಿಮಿಷಗಳಲ್ಲಿ ಯಾಕೆ ನಿಲ್ಲಲಿಲ್ಲ ಅಂದ್ರೆ, ಬಬೂನಿಗೂ ಆ ಸಕ್ಕರೆ ಇಲ್ಲ! ರಕ್ತದ ಗುಂಪೇ ಹೊಂದ್ತಿರ್ಲಿಲ್ಲ ಅನ್ನುವುದು ಬೇರೆ ಸಂಕಟ. ನಮ್ಮ ದೇಶದಲ್ಲಿ 1997ರಲ್ಲಿ ಅಸ್ಸಾಮಿನ ಡಾ. ಧನಿರಾಮ್ ಬರುವಾ ಹಂದಿಯ ಹೃದಯ ಇಟ್ಟೆ ಅಂದ್ರು, ರೋಗಿ ಒಂದು ವಾರದಲ್ಲಿ ತೀರಿಹೋದ, ಡಾಕ್ಟರು ಜೈಲಿಗೂ ಹೋದ್ರು. ಅವರ ಧೈರ್ಯವನ್ನು ಈಗ ವಾಟ್ಸಾಪಿನಲ್ಲಿ ಹೊಗಳುವವರು ಒಂದು ನೆನಪಿಡಬೇಕು, ಆ ಸಕ್ಕರೆ ಇಲ್ಲದ ಹಂದಿ ಆಗ ಜಗತ್ತಿನಲ್ಲೇ ಹುಟ್ಟಿರ್ಲಿಲ್ಲ.

ಆ ಜೀನ್ ತೆಗೆದ ಹಂದಿಮರಿಗಳು ಬಂದದ್ದು 2002ರ ಹೊತ್ತಿಗೆ. 2022ರ ಜನವರಿಯಲ್ಲಿ ಅಮೆರಿಕದ ಮೇರಿಲ್ಯಾಂಡಿನಲ್ಲಿ 57 ವರ್ಷದ ರೋಗಿಗೆ ಇಟ್ಟ ಹೃದಯದಲ್ಲಿ ಹತ್ತು ಜೀನ್ ಬದಲಾವಣೆ ಇತ್ತು. ಆಲ್ಫಾ-ಗ್ಯಾಲ್ ಸೇರಿ ಮೂರು ಸಕ್ಕರೆಗಳನ್ನು ಮಾಡುವ ಜೀನುಗಳನ್ನು ತೆಗೆದಿದ್ರು, ಹೃದಯ ಬೆಳೆದು ದೊಡ್ಡದಾಗದ ಹಾಗೆ ಇನ್ನೊಂದು ಜೀನನ್ನು ನಿಲ್ಲಿಸಿದ್ರು, ಮನುಷ್ಯನ ಆರು ಜೀನ್ ಸೇರಿಸಿದ್ರು. ಮೊದಲಿನ ಬೆಂಕಿ ಏಳಲೇ ಇಲ್ಲ, ಅವರು ಸುಮಾರು ಎರಡು ತಿಂಗಳು ಬದುಕಿದ್ರು. ಆಮೇಲೆ ಹೃದಯದಲ್ಲಿ ಹಂದಿಯ ಒಂದು ವೈರಸ್ ಸಿಕ್ಕಿತು. 2023ರ ಎರಡನೇ ರೋಗಿ ಸುಮಾರು ಆರು ವಾರ. ಸಕ್ಕರೆ ತೆಗೆದ್ರೂ ಬೇರೆ ಆಂಟಿಬಾಡಿಗಳು, ಬಿಳಿ ರಕ್ತಕಣಗಳು ನಿಧಾನವಾಗಿ ಬರ್ತವೆ, ಈಗ ನಿಜವಾದ ಹೋರಾಟ ಅಲ್ಲಿ.

ಹಾಗಾದ್ರೆ ಹಂದಿಯ ವಾಲ್ವ್ ಹಾಕಿಸಿಕೊಂಡವರು ಹತ್ತು ಹದಿನೈದು ವರ್ಷ ಆರಾಮಾಗಿ ಇರ್ತಾರಲ್ಲ, ಅದು ಹೇಗೆ? ಆ ವಾಲ್ವನ್ನು ಗ್ಲುಟರಾಲ್ಡಿಹೈಡ್ ಅನ್ನುವ ರಾಸಾಯನಿಕದಲ್ಲಿ ಹದ ಮಾಡಿರ್ತಾರೆ, ಅದರಲ್ಲಿ ಜೀವಂತ ಕೋಶ ಒಂದೂ ಇಲ್ಲ, ಬರೀ ಬಾಗಿಲಿನ ಕೆಲಸ ಮಾಡ್ತದೆ. ಇಡೀ ಹೃದಯಕ್ಕೆ ಈ ಉಪಾಯ ನಡೆಯುವುದಿಲ್ಲ, ಬಡಿಯಬೇಕಾದ್ರೆ ಅದರ ಕೋಶಗಳು ಬದುಕಿರಲೇಬೇಕು.