1000 ಗಜದ ಗುರಿಗೆ 100 ಮೀಟರ್ ಝೀರೋ ಯಾಕೆ? ಲೆಕ್ಕ ಹಾಕಿ ನೋಡೋಣ

ಅರ್ಧ ಮೈಲಿಗಿಂತ ಆಚೆಯ ಗುರಿಗೆ ಹೊಡೆಯುವವರು ಸ್ಕೋಪನ್ನು 100 ಮೀಟರಿಗೋ 100 ಗಜಕ್ಕೋ ಝೀರೋ ಮಾಡಿಕೊಂಡು ಬರುತ್ತಾರೆ. ಝೀರೋ ಮಾಡುವುದೆಂದರೆ ಆ ದೂರದಲ್ಲಿ ಗುರಿಯಿಟ್ಟ ಕಡೆಗೇ ಗುಂಡು ಬೀಳುವಂತೆ ಸ್ಕೋಪನ್ನು ಹೊಂದಿಸುವುದು. ಹೊಸದಾಗಿ ಕಲಿಯುವವರಿಗೆ ಇದು ವಿಚಿತ್ರ ಅನ್ನಿಸುತ್ತದೆ. 500ಕ್ಕೋ 600ಕ್ಕೋ ಮಾಡಿಟ್ಟರೆ ಟರೆಟ್ಟನ್ನು (ಗುರಿ ಹೊಂದಿಸಲು ಸ್ಕೋಪಿನ ಮೇಲಿರುವ ತಿರುಗುಗುಂಡಿ) ಎರಡೂ ಕಡೆಗೆ ಸ್ವಲ್ಪ ಸ್ವಲ್ಪ ತಿರುಗಿಸಿದರೆ ಸಾಕಲ್ಲ? ಬೇಟೆಯ ಪುಸ್ತಕ ಓದಿ ಬಂದವರು 200 ಗಜ ಅನ್ನುತ್ತಾರೆ, ಸೇನೆಯ ಕೈಪಿಡಿ ನೋಡಿದವರು 300 ಮೀಟರ್ ಅನ್ನುತ್ತಾರೆ. ಅವರವರ ಕೆಲಸಕ್ಕೆ ಅದು ಸರಿಯೇ. ಬೇಟೆಗಾರನಿಗಾಗಲಿ ಸೈನಿಕನಿಗಾಗಲಿ ಟರೆಟ್ ತಿರುಗಿಸುತ್ತ ಕೂರಲು ಪುರುಸೊತ್ತಿಲ್ಲ. ಗುಂಡು ಒಂದಿಷ್ಟು ಮೇಲೆ ಹೋದರೂ ಕೆಳಗೆ ಬಿದ್ದರೂ ಗುರಿಯ ಮೈಗೆ ತಾಗಿದರೆ ಅವರಿಗೆ ಸಾಕು. ಸ್ಪರ್ಧೆಯ ಶೂಟರ್ ಪ್ರತಿ ದೂರಕ್ಕೂ ಟರೆಟ್ ತಿರುಗಿಸಿಯೇ ಹೊಡೆಯುತ್ತಾನೆ. ಅವನಿಗೆ ಝೀರೋ ಅಂದರೆ ಹೊಡೆಯುವ ದೂರವಲ್ಲ, ಎಣಿಕೆ ಶುರುವಾಗುವ ಜಾಗ. ಅಂಗಡಿಯವನು ಸಾಮಾನು ತೂಗುವ ಮುಂಚೆ ತಕ್ಕಡಿಯ ಮುಳ್ಳು ನೋಡಿಕೊಳ್ಳುತ್ತಾನಲ್ಲ, ಅಷ್ಟೇ ಅದರ ಕೆಲಸ.

ನಮ್ಮ ಕಡೆ ಶೂಟಿಂಗ್ ಕಲಿತವರಲ್ಲಿ ಹೆಚ್ಚಿನವರು ಬಲ್ಲದ್ದು 10 ಮೀಟರ್ ಏರ್ ರೈಫಲ್, 50 ಮೀಟರ್ .22 (ಸಣ್ಣ ತೋಟಾದ ರೈಫಲ್). ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ) ರೈಫಲ್ ಸ್ಪರ್ಧೆಗಳಲ್ಲಿ ದೂರದರ್ಶಕ ಸ್ಕೋಪಿಗೆ ಅವಕಾಶವಿಲ್ಲ, ಗುರಿಯ ದೂರವೂ ಬದಲಾಗುವುದಿಲ್ಲ. ಹಾಗಾಗಿ ಈ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಈ ಟಿಪ್ಪಣಿ ಅಮೆರಿಕ, ಬ್ರಿಟನ್ ಮುಂತಾದ ಕಡೆ ನಡೆಯುವ ಪಿಆರ್‌ಎಸ್ ಮತ್ತು ಎಫ್-ಕ್ಲಾಸ್ ಮಾದರಿಯ ಪಂದ್ಯಗಳ ಬಗ್ಗೆ. ಮೊದಲನೆಯದರಲ್ಲಿ ಬೇರೆಬೇರೆ ದೂರದ ಗುರಿಗಳಿಗೆ ಗಡಿಯಾರದ ಎದುರು ಹೊಡೆಯಬೇಕು, ಎರಡನೆಯದರಲ್ಲಿ ಮಲಗಿಕೊಂಡು ಒಂದೇ ದೂರದ ಗುರಿಗೆ.

ಎರಡು ಗೆರೆಗಳು

ಸ್ಕೋಪ್ ಕೂರುವುದು ನಳಿಗೆಯ ಮೇಲೆ. ನಳಿಗೆಯ ನಡುವಿನಿಂದ ಸ್ಕೋಪಿನ ನಡುವಿಗೆ ಸಾಮಾನ್ಯವಾಗಿ 4ರಿಂದ 5 ಸೆಂ.ಮೀ. ಎತ್ತರ. ಕಣ್ಣಿನಿಂದ ಗುರಿಗೆ ಹೋಗುವ ನೋಟದ ಗೆರೆ ನೆಟ್ಟಗಿರುತ್ತದೆ. ಗುಂಡು ಆ ಗೆರೆಯ 5 ಸೆಂ.ಮೀ. ಕೆಳಗಿನಿಂದ ಹೊರಟು, ನಳಿಗೆ ತುಸು ಮೇಲ್ಮುಖವಾಗಿರುವುದರಿಂದ ಗೆರೆಯ ಕಡೆಗೆ ಏರಿ, ಆಮೇಲೆ ಬೀಳುತ್ತದೆ. ಹೀಗೆ ಗುಂಡು ನೋಟದ ಗೆರೆಯನ್ನು ಎರಡು ಸಲ ದಾಟುತ್ತದೆ: ಹತ್ತಿರದಲ್ಲಿ ಏರುವಾಗ ಒಮ್ಮೆ, ದೂರದಲ್ಲಿ ಇಳಿಯುವಾಗ ಇನ್ನೊಮ್ಮೆ. ಝೀರೋ ದೂರ ಹೆಚ್ಚಿಸಿದಷ್ಟೂ ಈ ಎರಡು ಬಿಂದುಗಳ ನಡುವಿನ ಗೂನು ಎತ್ತರವಾಗುತ್ತದೆ.

ಗೂನೇ ಇಲ್ಲದ ಝೀರೋ ಒಂದಿದೆಯೇ? ಇದೆ. ಗುಂಡು ಗೆರೆಯನ್ನು ದಾಟದೆ, ಕೆಳಗಿನಿಂದ ಬಂದು ಸುಮ್ಮನೆ ಸವರಿ ಇಳಿದುಹೋಗುವ ದೂರ ಅದು. ಅದನ್ನು ಕಂಡುಹಿಡಿಯಲು ಗುಂಡಿನ ಪಥ ಲೆಕ್ಕ ಹಾಕುವ ಆ್ಯಪ್ ಬೇಕಾಗಿಲ್ಲ. ಗುಂಡಿನ ಪಥವನ್ನು ಪ್ಯಾರಾಬೋಲಾ ಎಂದುಕೊಂಡರೆ (ಇಷ್ಟು ಕಡಿಮೆ ದೂರದಲ್ಲಿ ಹಾಗೆ ಅಂದುಕೊಂಡರೆ ನಷ್ಟವಿಲ್ಲ) ಗುಂಡು ಬಿದ್ದ ಎತ್ತರ ಸ್ಕೋಪಿನ ಎತ್ತರಕ್ಕೆ ಸಮನಾಗುವ ಜಾಗವೇ ಆ ದೂರ. ಗುರುತ್ವದಲ್ಲಿ ಯಾವ ವಸ್ತುವಾದರೂ 0.1 ಸೆಕೆಂಡಿನಲ್ಲಿ 4.9 ಸೆಂ.ಮೀ. ಬೀಳುತ್ತದೆ. ಸ್ಕೋಪ್ 5 ಸೆಂ.ಮೀ. ಎತ್ತರದಲ್ಲಿದ್ದರೆ, ಗುಂಡು 0.1 ಸೆಕೆಂಡಿನಲ್ಲಿ ಎಷ್ಟು ದೂರ ಹೋಗುತ್ತದೋ ಅದೇ ನಮ್ಮ ಸವರುವ ಝೀರೋ. 6.5 ಕ್ರೀಡ್‌ಮೂರ್‌ನ (ದೂರದ ಪಂದ್ಯಗಳಲ್ಲಿ ಬಳಸುವ ಒಂದು ತೋಟಾ) 140 ಗ್ರೇನ್ (ಸುಮಾರು 9 ಗ್ರಾಂ) ಗುಂಡು ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಡುತ್ತದೆ ಅಂದುಕೊಳ್ಳಿ, 80 ಮೀಟರಿನ ಆಸುಪಾಸು ಬಂತು.

ಹಾಗಾದರೆ 80 ಬಿಟ್ಟು 100 ಯಾಕೆ? ವ್ಯತ್ಯಾಸ ಎಷ್ಟು ಅಂತ ನೋಡಿ. ಇದೇ ಗುಂಡಿಗೆ 100 ಮೀಟರಿನಲ್ಲಿ ಝೀರೋ ಮಾಡಿದರೆ ಅದು ಮೊದಲು ಗೆರೆ ದಾಟುವುದು 62 ಮೀಟರಿನ ಹತ್ತಿರ. ಅಲ್ಲಿಂದ 100ರ ತನಕ ಗೆರೆಯ ಮೇಲೆ ಏರುವುದು ಹೆಚ್ಚೆಂದರೆ 3-4 ಮಿಲಿಮೀಟರ್. ಗುಂಡಿನ ದಪ್ಪವೇ ಆರೂವರೆ ಮಿಲಿಮೀಟರಿಗಿಂತ ಜಾಸ್ತಿ! ಅಂದರೆ 100 ಮೀಟರ್ ಝೀರೋದಲ್ಲಿ ಗೂನು ಇಲ್ಲವೆಂದೇ ಲೆಕ್ಕ. ಮೇಲಾಗಿ ಹೆಚ್ಚಿನ ರೇಂಜುಗಳಲ್ಲಿ 100ರ ಸಾಲು ಸಿಗುತ್ತದೆ, 80ರದ್ದು ಸಿಗುವುದಿಲ್ಲ.

ಇದರ ಫಲ ಏನೆಂದರೆ ಗುರಿ ಎಲ್ಲೇ ಇರಲಿ, ಟರೆಟ್ ಒಂದೇ ದಿಕ್ಕಿಗೆ ತಿರುಗುತ್ತದೆ. ಅದು ಮೇಲಕ್ಕೆ. 200 ಮೀಟರ್ ಝೀರೋ ಮಾಡಿದರೆ ಇದೇ ಗುಂಡು 100ರಲ್ಲಿ ಸುಮಾರು 6 ಸೆಂ.ಮೀ. ಮೇಲೆ ಹೊಡೆಯುತ್ತದೆ, ಅಂದರೆ 0.6 ಮಿಲ್. (1 ಮಿಲ್ ಅಂದರೆ 100 ಮೀಟರಿನಲ್ಲಿ 10 ಸೆಂ.ಮೀ., ಟರೆಟ್ಟಿನ ಒಂದು ಕ್ಲಿಕ್ 0.1 ಮಿಲ್, ಅಲ್ಲಿಗೆ 1 ಸೆಂ.ಮೀ. ಎಂಒಎ ಎಂಬ ಇನ್ನೊಂದು ಅಳತೆಯ ಟರೆಟ್ ಇರುವವರಿಗೆ 1 ಎಂಒಎ 100 ಮೀಟರಿನಲ್ಲಿ 2.9 ಸೆಂ.ಮೀ.) ಹತ್ತಿರದ ಗುರಿ ಬಂದಾಗ ಆರು ಕ್ಲಿಕ್ ಕೆಳಗಿಳಿಸಬೇಕು. ಪಿಆರ್‌ಎಸ್ ಪಂದ್ಯದ ಒಂದು ಹಂತಕ್ಕೆ ಸಿಗುವುದು ಒಂದೂವರೆ-ಎರಡು ನಿಮಿಷ. ಅಷ್ಟರಲ್ಲಿ ಬ್ಯಾರಿಕೇಡಿನ ಮೇಲೆ ರೈಫಲ್ ಕೂರಿಸಬೇಕು, ನಾಲ್ಕಾರು ದೂರಗಳಿಗೆ ಟರೆಟ್ ತಿರುಗಿಸಬೇಕು, ಗಾಳಿ ಓದಬೇಕು. ಆ ಗಡಿಬಿಡಿಯಲ್ಲಿ "ಇದಕ್ಕೆ ಮೇಲೋ ಕೆಳಗೋ" ಎಂದು ತಲೆ ಕೆರೆದುಕೊಳ್ಳುವ ಸಂದರ್ಭವೇ ಬರಬಾರದು. ಈಗಿನ ಒಳ್ಳೆಯ ಸ್ಕೋಪುಗಳಲ್ಲಿ ಝೀರೋ ಸ್ಟಾಪ್ ಇರುತ್ತದೆ, ಟರೆಟ್ಟನ್ನು ಕಣ್ಣುಮುಚ್ಚಿ ಕೊನೆಯ ತನಕ ತಿರುಗಿಸಿದರೆ ಅದು ಝೀರೋದಲ್ಲೇ ಗಕ್ಕನೆ ನಿಲ್ಲುತ್ತದೆ. ಕೆಳಗೆ ಇಳಿಸುವ ಪ್ರಸಂಗವೇ ಇಲ್ಲದ ಝೀರೋ ಇದ್ದರೆ ಮಾತ್ರ ಅದರ ಪೂರ್ತಿ ಉಪಯೋಗ.

ನನಗೆ ಇದಕ್ಕಿಂತ ದೊಡ್ಡದು ಅನ್ನಿಸುವ ಕಾರಣ

ಗೂನಿನ ಮಾತು ಅನುಕೂಲದ್ದು. ನಿಜವಾದ ಕಾರಣ ಬೇರೆ: 100 ಮೀಟರಿನಲ್ಲಿ ರೈಫಲ್ ಮತ್ತು ಸ್ಕೋಪ್ ಬಿಟ್ಟು ಉಳಿದವರ ಕೈವಾಡ ತೀರಾ ಕಡಿಮೆ.

ಮೊದಲು ಗಾಳಿ. ಸೆಕೆಂಡಿಗೆ 4 ಮೀಟರ್ ವೇಗದ ಅಡ್ಡಗಾಳಿ ನಮ್ಮ ಈ ಗುಂಡನ್ನು 100 ಮೀಟರಿನಲ್ಲಿ ಸುಮಾರು 1.2 ಸೆಂ.ಮೀ. ಸರಿಸುತ್ತದೆ. 300ರಲ್ಲಿ ಹತ್ತು ಪಟ್ಟು, ಸುಮಾರು 12 ಸೆಂ.ಮೀ., ಅಂದರೆ 0.4 ಮಿಲ್. ಈಗ ಒಬ್ಬರು ಆ ಗಾಳಿಯಲ್ಲೇ 300ಕ್ಕೆ ಝೀರೋ ಮಾಡಿದರು ಅಂದುಕೊಳ್ಳಿ. ಗುಂಡುಗಳು ಬಲಕ್ಕೆ ಬಿದ್ದವು, ವಿಂಡೇಜ್ (ಎಡ-ಬಲ ಸರಿಸುವ) ಟರೆಟ್ಟನ್ನು ನಾಲ್ಕು ಕ್ಲಿಕ್ ಎಡಕ್ಕೆ ತಿರುಗಿಸಿ ಸೊನ್ನೆ ಗುರುತು ಹಾಕಿಬಿಟ್ಟರು. ಆವತ್ತಿನ ಗಾಳಿ ಅವರ ಝೀರೋದೊಳಗೆ ಸೇರಿಕೊಂಡಿತು. ಇನ್ನೊಂದು ದಿನ ಗಾಳಿ ನಿಂತಾಗ 1000 ಗಜಕ್ಕೆ ಹೊಡೆದರೆ ಗುಂಡು 36 ಸೆಂ.ಮೀ. ಎಡಕ್ಕೆ ಹೋಗುತ್ತದೆ. ಅಮೆರಿಕದ ಎಫ್-ಕ್ಲಾಸ್‌ನ 1000 ಗಜದ ಗುರಿಯಲ್ಲಿ 10ರ ವೃತ್ತದ ಅಡ್ಡಳತೆ 10 ಇಂಚು, ನಡುವಿನಿಂದ ಅಂಚಿಗೆ 12.7 ಸೆಂ.ಮೀ. ಮಾತ್ರ. ಅವರು ಗಾಳಿ ಓದುವುದರಲ್ಲಿ ತಪ್ಪಿದೆ ಎಂದುಕೊಂಡು ತಿಂಗಳುಗಟ್ಟಲೆ ಒದ್ದಾಡಬಹುದು, ತಪ್ಪು ಇರುವುದು ಝೀರೋದಲ್ಲಿ.

ಆಮೇಲೆ ವೇಗ. ತೋಟಾದಿಂದ ತೋಟಾಕ್ಕೆ, ಚಳಿಯ ಬೆಳಿಗ್ಗೆಯಿಂದ ಸುಡುವ ಮಧ್ಯಾಹ್ನಕ್ಕೆ ಗುಂಡಿನ ವೇಗ ಬದಲಾಗುತ್ತದೆ. 820 ಇದ್ದದ್ದು 810 ಆದರೆ 100 ಮೀಟರಿನಲ್ಲಿ ಗುಂಡು 2 ಮಿಲಿಮೀಟರ್ ಕೆಳಗೆ ಬೀಳುತ್ತದೆ, ಗೊತ್ತೇ ಆಗುವುದಿಲ್ಲ. 1000 ಗಜದಲ್ಲಿ ಅದೇ ವ್ಯತ್ಯಾಸ 20 ಸೆಂ.ಮೀ. ದಾಟುತ್ತದೆ. ಗಾಳಿಯ ಸಾಂದ್ರತೆಯದ್ದೂ ಇದೇ ಕತೆ. ನ್ಯೂ ಮೆಕ್ಸಿಕೋದ ರೇಟನ್ ಬಳಿಯ ವಿಟಿಂಗ್ಟನ್ ಸೆಂಟರ್ ಎಂಬ ಶೂಟಿಂಗ್ ರೇಂಜ್ ಸಮುದ್ರಮಟ್ಟದಿಂದ ಸುಮಾರು 2000 ಮೀಟರ್ ಎತ್ತರದಲ್ಲಿದೆ. ಕಡಲತೀರದ ಊರಲ್ಲಿ 100ಕ್ಕೆ ಝೀರೋ ಮಾಡಿದ ರೈಫಲ್ಲನ್ನು ಅಲ್ಲಿಗೆ ಒಯ್ದರೆ ಸಾಂದ್ರತೆಯಿಂದಾಗುವ ವ್ಯತ್ಯಾಸ 1 ಮಿಲಿಮೀಟರಿಗಿಂತ ಕಡಿಮೆ. ಅದೇ 1000 ಗಜಕ್ಕೆ ಟರೆಟ್ ಏರಿಸಬೇಕಾದದ್ದು ಹತ್ತಿರ ಹತ್ತಿರ 1 ಮಿಲ್ ಕಡಿಮೆಯಾಗುತ್ತದೆ. ದೂರದಲ್ಲಿ ಮಾಡಿದ ಝೀರೋ ಆ ಊರಿಗೆ, ಆ ದಿನಕ್ಕೆ ಮಾತ್ರ ಸಲ್ಲುತ್ತದೆ. ವೇಗ, ಸಾಂದ್ರತೆ, ಗಾಳಿ ಇವೆಲ್ಲ ಆ್ಯಪಿಗೆ ಬೇರೆಬೇರೆಯಾಗಿ ಕೊಡಬೇಕಾದ ಲೆಕ್ಕಗಳು. ಅವನ್ನು ಝೀರೋದೊಳಗೆ ಕಲಸಿಬಿಟ್ಟರೆ ಮತ್ತೆ ಬಿಡಿಸಲಿಕ್ಕೆ ಆಗದು.

ಎಷ್ಟು ಗುಂಡು?

ಮೂರು ಗುಂಡಿನ ಗ್ರೂಪ್ (ಒಂದೇ ಕಡೆ ಗುರಿಯಿಟ್ಟು ಹೊಡೆದ ತೂತುಗಳ ಗುಂಪು) ನೋಡಿ ಝೀರೋ ಮುಗಿಸುವುದು ಎಲ್ಲ ಕಡೆ ಕಾಣುವ ಅಭ್ಯಾಸ. ನಿಮ್ಮ ರೈಫಲ್ 100 ಮೀಟರಿನಲ್ಲಿ ಐದು ಗುಂಡಿಗೆ ಸರಾಸರಿ 2.5 ಸೆಂ.ಮೀ. ಗ್ರೂಪ್ ಹಾಕುತ್ತದೆ ಅಂದುಕೊಂಡರೆ, ಒಂದೊಂದು ಗುಂಡಿನ ಚದುರುವಿಕೆ (ಸಂಖ್ಯಾಶಾಸ್ತ್ರದ ಸಿಗ್ಮಾ) ಸುಮಾರು 0.8 ಸೆಂ.ಮೀ. ಗ್ರೂಪಿನ ನಡುವಿನ ಬಿಂದು ನಿಜವಾದ ನಡುವಿನಿಂದ ಎಷ್ಟು ಸರಿದಿರಬಹುದು ಅನ್ನುವುದಕ್ಕೆ ಇದನ್ನು ಗುಂಡುಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಬೇಕು. ಮೂರು ಗುಂಡಿಗೆ ಅರ್ಧ ಸೆಂ.ಮೀ., ಹತ್ತು ಗುಂಡಿಗೆ ಕಾಲು ಸೆಂ.ಮೀ. ಇದು ಮಾಮೂಲಿ ಸರಿತ, ಕೆಲವೊಮ್ಮೆ ಇದರ ಎರಡು ಪಟ್ಟೂ ಆಗುತ್ತದೆ. ಮೂರು ಗುಂಡಿನ ಲೆಕ್ಕದಲ್ಲಿ ಎರಡು ಪಟ್ಟು ಅಂದರೆ ಪೂರ್ತಿ ಒಂದು ಕ್ಲಿಕ್, 1000 ಗಜದಲ್ಲಿ 9 ಸೆಂ.ಮೀ. ಹತ್ತು ಗುಂಡು ಖರ್ಚಾದರೂ ಪರವಾಗಿಲ್ಲ, ಸುಮ್ಮನಿದ್ದ ಟರೆಟ್ಟನ್ನು ಒಂದು ಕ್ಲಿಕ್ ಆಕಡೆ ಒಂದು ಕ್ಲಿಕ್ ಈಕಡೆ ತಿರುಗಿಸುವ ಚಟ ತಪ್ಪುತ್ತದೆ.

ಹೊಡೆಯುವ ಮುಂಚೆ ಪ್ಯಾರಲಾಕ್ಸ್ ಗುಂಡಿಯನ್ನು 100ಕ್ಕೆ ಸರಿಮಾಡಿ. ತಲೆಯನ್ನು ತುಸು ಅಲುಗಿಸಿದಾಗ ರೆಟಿಕಲ್ (ಸ್ಕೋಪಿನೊಳಗೆ ಕಾಣುವ ಅಡ್ಡ-ನಿಲುವು ಗೆರೆಗಳು) ಗುರಿಯ ಮೇಲೆ ಜಾರಬಾರದು. ಗುಂಡಿಯ ಮೇಲಿನ ಅಂಕಿಯನ್ನು ನಂಬಬೇಡಿ, ಕಣ್ಣನ್ನು ನಂಬಿ.

ರೆಟಿಕಲ್‌ನ ನಿಲುವು ಗೆರೆ ತೂಗುಗುಂಡಿನ ದಾರಕ್ಕೆ ನೇರ ಇದೆಯೇ ಎಂಬುದು ಇನ್ನೊಂದು. 100ರಲ್ಲಿ ರೈಫಲ್ 1 ಡಿಗ್ರಿ ವಾಲಿದರೆ ಏನೂ ಗೊತ್ತಾಗುವುದಿಲ್ಲ, 1000 ಮೀಟರಿನಲ್ಲಿ 10 ಮಿಲ್ ಏರಿಸಿದಾಗ 17 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ಇದನ್ನು ಹಿಡಿಯಲು 100 ಮೀಟರಿನಲ್ಲಿ ಎತ್ತರದ ಕಾಗದ ಕಟ್ಟಿ, ದಾರ ಇಳಿಬಿಟ್ಟು ಗೆರೆ ಎಳೆದು, ಕೆಳಗಿನ ಬಿಂದುವಿಗೇ ಗುರಿಯಿಟ್ಟು 10 ಮಿಲ್ ಏರಿಸಿ ಹೊಡೆಯುತ್ತಾರೆ. ಗುಂಡು ಗೆರೆಯ ಮೇಲೇ, ಸರಿಯಾಗಿ 1 ಮೀಟರ್ ಎತ್ತರದಲ್ಲಿ ಬೀಳಬೇಕು. ಇಲ್ಲೊಂದು ಎಚ್ಚರ: ನಿಮ್ಮ ರೇಂಜ್ 100 ಗಜದ್ದಾದರೆ ಅದು 91.44 ಮೀಟರ್, ಆಗ 10 ಮಿಲ್‌ಗೆ ಬರಬೇಕಾದ್ದು 91.4 ಸೆಂ.ಮೀ. ಇದನ್ನು ಮರೆತವರು ಒಳ್ಳೆಯ ಸ್ಕೋಪನ್ನು ಕೆಟ್ಟಿದೆ ಎಂದು ವಾಪಸ್ ಕಳಿಸಲು ಹೊರಡುತ್ತಾರೆ. ಝೀರೋದ ಮಟ್ಟಿಗೆ ಗಜ-ಮೀಟರ್ ಗೊಂದಲ ಅಷ್ಟು ಕಾಡುವುದಿಲ್ಲ, ಅರ್ಧ ಕ್ಲಿಕ್ಕಿಗಿಂತ ಕಡಿಮೆ.

ಎಫ್-ಕ್ಲಾಸ್‌ನವರು, .22ನವರು

ಕೆನಡಾದ ಜಾರ್ಜ್ ಫಾರ್ಕರ್ಸನ್ ಶುರುಮಾಡಿದ ಎಫ್-ಕ್ಲಾಸ್‌ನಲ್ಲಿ ದೂರ ಮೊದಲೇ ಗೊತ್ತು: 300ರಿಂದ 1000 ಗಜದೊಳಗಿನ ಒಂದು ಸಾಲು, ಅಲ್ಲೇ ಮಲಗಿ ಒಂದೇ ಗುರಿಗೆ. ಅಂಕ ಎಣಿಸುವ ಮುಂಚೆ ಪರೀಕ್ಷಾ ಗುಂಡುಗಳೂ ಸಿಗುತ್ತವೆ. ಹಾಗಾಗಿ ಎತ್ತರದ ಝೀರೋ ಎಲ್ಲಿದ್ದರೂ ಅವರಿಗೆ ನಡೆದುಹೋಗುತ್ತದೆ, 300ರಿಂದಲೇ ಎಣಿಸುವವರೂ ಇದ್ದಾರೆ. ಆದರೆ ಅಡ್ಡದ ಝೀರೋ, ಅಂದರೆ ಗಾಳಿಯಿಲ್ಲದಾಗ ವಿಂಡೇಜ್ ಎಲ್ಲಿ ನಿಲ್ಲಬೇಕು ಎಂಬುದು, ಅವರಿಗೂ ಹತ್ತಿರದಲ್ಲೇ ಸಿಗುವುದು. ಇಂಗ್ಲೆಂಡಿನ ಬಿಸ್ಲಿಯ ಸ್ಟಿಕಲ್‌ಡೌನ್‌ನಂಥ 1200 ಗಜದವರೆಗಿನ ರೇಂಜಿನಲ್ಲಿ ಗಾಳಿ ಪೂರ್ತಿ ನಿಂತ ಗಳಿಗೆ ಕಾಯುವುದಕ್ಕಿಂತ 100ರಲ್ಲಿ ಮುಗಿಸಿಕೊಂಡು ಹೋಗುವುದು ಲೇಸು.

.22ಕ್ಕೆ 0.1 ಸೆಕೆಂಡಿನ ಲೆಕ್ಕ ಹಾಕಿದರೆ 32 ಮೀಟರ್ ಬರುತ್ತದೆ (ವೇಗ ಸುಮಾರು 326 ಮೀ./ಸೆ.). ರೂಢಿಯಲ್ಲಿರುವುದು 50. ಅಲ್ಲಿ ಗೂನು ಕಣ್ಣಿಗೆ ಕಾಣುತ್ತದೆ: 20ರಿಂದ 50 ಮೀಟರಿನ ನಡುವೆ ಗುಂಡು ಹೆಚ್ಚೆಂದರೆ 1.3 ಸೆಂ.ಮೀ. ಮೇಲಿರುತ್ತದೆ. 35 ಮೀಟರಿನಲ್ಲಿ ನೇತುಹಾಕಿದ ಪುಟ್ಟ ಉಕ್ಕಿನ ತಟ್ಟೆಗೆ ಇಷ್ಟು ಸಾಕು ತಪ್ಪಿಹೋಗಲು. ಆದ್ದರಿಂದ .22ರಲ್ಲಿ ಝೀರೋ ಸ್ಟಾಪನ್ನು ಸೊನ್ನೆಗಿಂತ ಐದು ಕ್ಲಿಕ್ ಕೆಳಗೆ ಇಡಿ.

100ಕ್ಕೆ ಝೀರೋ ಆಗದೇ ಹೋದರೆ

ಸ್ಕೋಪಿನೊಳಗಿನ ಏರಿಳಿತಕ್ಕೆ ಮಿತಿ ಇದೆ. ಒಟ್ಟು 18 ಮಿಲ್ ಇದ್ದರೆ ನಡುವಿನಿಂದ ಮೇಲಕ್ಕೆ 9, ಕೆಳಕ್ಕೆ 9. .308 ತೋಟಾದ ರೈಫಲ್ಲಿಗೆ 1000 ಗಜಕ್ಕೆ 11-12 ಮಿಲ್ ಬೇಕು, ಸಾಲುವುದಿಲ್ಲ. ಅದಕ್ಕೇ 20 ಎಂಒಎ ಇಳಿಜಾರಿನ ರೈಲ್ (ಸ್ಕೋಪ್ ಕೂರುವ ಪಟ್ಟಿ) ಹಾಕುತ್ತಾರೆ. ಅದು 5.8 ಮಿಲ್ ಕೊಡುತ್ತದೆ, ಮೇಲಕ್ಕೆ 14.8 ಸಿಗುತ್ತದೆ. 40 ಎಂಒಎ ಹಾಕಿದರೆ ಇನ್ನೂ ಒಳ್ಳೆಯದು ಅನ್ನಬೇಡಿ. ಅದು 11.6 ಮಿಲ್, ಕೆಳಕ್ಕೆ ಇರುವುದೇ 9. ಟರೆಟ್ ತಳ ಮುಟ್ಟಿದರೂ 100ರಲ್ಲಿ ಗುಂಡು ಗುರಿಗಿಂತ ಮೇಲೆಯೇ ಬೀಳುತ್ತದೆ. ಎರಡು ಮೈಲಿ ದೂರದ ಪಂದ್ಯಗಳಿಗೆ ಹೋಗುವವರು ಬೇಕೆಂದೇ ಹೀಗೆ ಮಾಡುತ್ತಾರೆ. ಆಗಲೂ ಅವರು 100ಕ್ಕೇ ಹೊಡೆದು, ಗುಂಡು ಎಷ್ಟು ಮೇಲೆ ಬಿತ್ತು ಎಂದು ಅಳೆದು, ಅಷ್ಟನ್ನು ಆ್ಯಪಿನ ಝೀರೋ ಆಫ್‌ಸೆಟ್ ಖಾನೆಯಲ್ಲಿ ಬರೆಯುತ್ತಾರೆ. ಟರೆಟ್ಟಿಗೆ ಆಗದ್ದನ್ನು ಕಾಗದದ ಮೇಲೆ ಮಾಡುತ್ತಾರೆ, ಅಷ್ಟೇ.

ಪಂದ್ಯದ ಹಿಂದಿನ ದಿನವೋ ಬೆಳಿಗ್ಗೆಯೋ ಝೀರೋ ನೋಡಿಕೊಳ್ಳಲು 100ರ ಸಾಲು ತೆರೆದಿರುತ್ತದೆ. ಪ್ರಯಾಣದಲ್ಲಿ ಪೆಟ್ಟಿಗೆ ಎಲ್ಲಿ ಕುಕ್ಕಿತೋ ಯಾರಿಗೆ ಗೊತ್ತು, ಹೋಗಿಯೇ ಹೋಗಿ. ಮೊದಲ ಮೂರು ಗುಂಡು ಅರ್ಧ ಸೆಂ.ಮೀ. ಬಲಕ್ಕೆ ಬಿದ್ದರೆ ಟರೆಟ್ ಮುಟ್ಟಬೇಡಿ, ಅದು ಮೇಲೆ ಹೇಳಿದ ಚದುರುವಿಕೆಯೇ ಇರಬಹುದು. 2 ಸೆಂ.ಮೀ. ಸರಿದಿದ್ದರೆ ಮೊದಲು ಸ್ಕೋಪಿನ ರಿಂಗಿನ ಸ್ಕ್ರೂ ಸಡಿಲವಾಗಿದೆಯೇ ನೋಡಿ, ಆಮೇಲೆ ಇನ್ನೈದು ಹೊಡೆದು, ಎಂಟರ ನಡುವನ್ನು ಅಳೆದು ಸರಿಪಡಿಸಿ.