ಗರ್ಭಿಣಿಗೆ ಎಚ್‌ಐವಿ ತಡವಾಗಿ ಗೊತ್ತಾದರೆ: ವಾರಗಳನ್ನು ಹೆರಿಗೆಯಿಂದ ಹಿಂದಕ್ಕೆ ಎಣಿಸಿ

ತಾಯಿಯಿಂದ ಮಗುವಿಗೆ ಸೋಂಕು ದಾಟುವ ದಾರಿ ಮೂರು: ಬಸಿರು, ಹೆರಿಗೆ, ಎದೆಹಾಲು. ಚಿಕಿತ್ಸೆಯೇ ಇಲ್ಲದಿದ್ದರೆ ಅಪಾಯ ಶೇ 15ರಿಂದ 45, ಸರಿಯಾದ ಚಿಕಿತ್ಸೆ ಸಿಕ್ಕರೆ ಶೇ 5ಕ್ಕಿಂತ ಕಡಿಮೆ. ಇದು ಸುಲಭ.

ತಲೆ ಕೆಡಿಸುವುದು ಮುಂದಿನದು. 36ನೇ ವಾರದಲ್ಲಿ ಪಾಸಿಟಿವ್ ಅಂತ ಗೊತ್ತಾಯಿತು, ಅದೇ ದಿನ ಎಚ್‌ಐವಿ ಮಾತ್ರೆ ಶುರುವಾಯಿತು ಅಂದುಕೊಳ್ಳಿ. ಆದರೂ 39ನೇ ವಾರದಲ್ಲಿ ಹುಟ್ಟಿದ ಮಗುವನ್ನು ಹೈ ರಿಸ್ಕ್ ಅನ್ನುತ್ತಾರೆ. ಯಾಕೆ? ಮಾತ್ರೆ ಮಾಡುವ ಕೆಲಸ ಏನು ಅಂತ ನೋಡಿ. ವೈರಸ್ ಹೊಸ ಜೀವಕೋಶದೊಳಗೆ ಬೇರೂರದಂತೆ ಅದು ತಡೆಯುತ್ತದೆ, ಅಷ್ಟೇ. ಆಗಲೇ ಸೋಂಕು ತಗುಲಿದ ಜೀವಕೋಶಗಳು ಸಾಯುವವರೆಗೂ ವೈರಸ್ ಹೊರಹಾಕುತ್ತಲೇ ಇರುತ್ತವೆ. ಅವುಗಳಲ್ಲಿ ಹೆಚ್ಚಿನವು ಒಂದೆರಡು ದಿನದಲ್ಲಿ ಸಾಯುತ್ತವೆ, ಹಾಗಾಗಿ ಮೊದಲು ವೈರಲ್ ಲೋಡ್ (ಒಂದು ಮಿಲಿಲೀಟರ್ ರಕ್ತದಲ್ಲಿರುವ ವೈರಸ್ ಎಣಿಕೆ) ಸರ್ರನೆ ಇಳಿಯುತ್ತದೆ. ಉಳಿದವು ವಾರಗಟ್ಟಲೆ ಬದುಕುತ್ತವೆ, ಆಮೇಲಿನ ಇಳಿತ ನಿಧಾನ. 1,00,000 ಇದ್ದದ್ದು 100ಕ್ಕೆ ಬರಬೇಕಾದರೆ ಮೂರು ಸಲ ಹತ್ತರಲ್ಲಿ ಒಂದು ಪಾಲಾಗಬೇಕು, ಅಷ್ಟಾದರೂ 50ರ ಕೆಳಗಿನ ಗುರಿ ಇನ್ನೂ ದೂರವೇ, ಅಲ್ವಾ?

ಅದಕ್ಕೇ ‘ಎಷ್ಟನೇ ತಿಂಗಳು’ ಅಂತ ಕೇಳುವುದಕ್ಕಿಂತ ‘ಹೆರಿಗೆಗೆ ಮೊದಲು ಎಷ್ಟು ವಾರ ಮಾತ್ರೆ ಸಿಕ್ಕಿತು’ ಅಂತ ಕೇಳಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) ಎಳೆದ ಗೆರೆ 4 ವಾರ. ಹೆರಿಗೆ ಹೊತ್ತಿಗೆ ಅಷ್ಟೂ ಆಗಿರದಿದ್ದರೆ ಮಗು ಹೈ ರಿಸ್ಕ್. ಆಗ ಸೋಂಕು ತಡೆಯಲು ಮಗುವಿಗೆ ಒಂದೇ ಔಷಧ ಸಾಲದು, ಒಂದಕ್ಕಿಂತ ಹೆಚ್ಚು ಕೊಡುತ್ತಾರೆ.

ತಡವಾದಾಗ ಔಷಧದ ಆಯ್ಕೆಯೂ ಜಾಸ್ತಿ ಮುಖ್ಯ. ಕೊನೆಯ ಮೂರು ತಿಂಗಳಲ್ಲಿ ಚಿಕಿತ್ಸೆ ಶುರು ಮಾಡಿದವರ ಮೇಲೆ ಉಗಾಂಡ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಡಾಲ್ಫಿನ್-2 ಅನ್ನುವ ಅಧ್ಯಯನ ನಡೆಯಿತು. ಹೆರಿಗೆ ಹೊತ್ತಿಗೆ ವೈರಲ್ ಲೋಡ್ 50ರ ಕೆಳಗಿದ್ದವರು ಡೊಲುಟೆಗ್ರಾವಿರ್ ಅನ್ನುವ ಎಚ್‌ಐವಿ ಔಷಧದ ಗುಂಪಿನಲ್ಲಿ ಶೇ 74, ಅದಕ್ಕಿಂತ ಹಳೆಯ ಎಫಾವಿರೆಂಜ್ ಗುಂಪಿನಲ್ಲಿ ಶೇ 43. ಈ ಅಂತರವನ್ನು ಮರೆಯಲೇಬೇಡಿ.

ತಡ ಅಂದರೆ ತಾಯಿ ಆಸ್ಪತ್ರೆಗೆ ತಡವಾಗಿ ಬಂದಳು ಅಂತಲೇ ಅಲ್ಲ. ಮೊದಲ ತಿಂಗಳುಗಳಲ್ಲಿ ನೆಗೆಟಿವ್ ಇದ್ದು ಆಮೇಲೆ ಸೋಂಕು ತಗುಲಿರಬಹುದು. ಹೊಸ ಸೋಂಕಿನಲ್ಲಿ ವೈರಲ್ ಲೋಡ್ ತುಂಬಾ ಮೇಲಿರುತ್ತದೆ, ಮಗುವಿಗೆ ಅಪಾಯವೂ ಹೆಚ್ಚು. ಅಪಾಯ ಇರುವವರಿಗೆ ಕೊನೆಯ ಮೂರು ತಿಂಗಳಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡುವುದು ಇದಕ್ಕೇ. ಇನ್ನು ಹಳೆಯ ಸೋಂಕು ಈಗ ಪತ್ತೆಯಾಗಿದ್ದರೆ ತಾಯಿಯ ಸಿಡಿ4 (ರೋಗ ತಡೆಯುವ ಬಿಳಿ ರಕ್ತಕಣಗಳ ಎಣಿಕೆ) ಕುಸಿದಿರಬಹುದು, ಕ್ಷಯ ಇದೆಯಾ ಅಂತಲೂ ನೋಡಬೇಕು.

ಮಗುವಿನ ಪರೀಕ್ಷೆ: ತಾಯಿಯ ಆ್ಯಂಟಿಬಾಡಿ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್, ಸಾಮಾನ್ಯ ಪರೀಕ್ಷೆ ಹುಡುಕುವುದು ಇದನ್ನೇ) ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಉಳಿಯಬಹುದು, ಆದ್ದರಿಂದ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಬೇಕು. ಹುಟ್ಟಿದ ದಿನ ನೆಗೆಟಿವ್ ಬಂದರೂ ಅಲ್ಲಿಗೇ ಬಿಡಬೇಡಿ, ಹೆರಿಗೆಯಲ್ಲಿ ದಾಟಿದ ವೈರಸ್ ಅಷ್ಟು ಬೇಗ ಕಾಣುವುದಿಲ್ಲ. ಪಾಸಿಟಿವ್ ಬಂದರೆ ತಕ್ಷಣ ಔಷಧ ಶುರು. ಚಿಕಿತ್ಸೆ ಸಿಗದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಎರಡು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತವೆ.