ಆಪರೇಷನ್ ಆಗಿ ಆರು ತಿಂಗಳಾಯಿತು, ಮಗು ಇನ್ನೂ ಯಾಕೆ ಮಾತಾಡುತ್ತಿಲ್ಲ?

ಕಿವಿ ಕೇಳದ ಮಕ್ಕಳಿಗೆ ಮಾಡುವ ಕಾಕ್ಲಿಯರ್ ಇಂಪ್ಲಾಂಟ್ ಆಪರೇಷನ್ನಿನ ಮಾತು ಇದು, ನಮ್ಮ ಮಗಳಿಗೂ ಆಗಿದೆ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಹೋದ ವಾರ ಅಂಕೋಲೆಯಿಂದ ಒಬ್ಬರು ಫೋನು ಮಾಡಿದ್ದರು, ಅದಕ್ಕೂ ಮೊದಲು ಕುಮಟೆಯವರು. ಮಾತು ಹೆಚ್ಚುಕಡಿಮೆ ಒಂದೇ. "ಅಕ್ಕಾ, ಮಷೀನು ಹಾಕಿಸಿ ಆರು ತಿಂಗಳಾಯ್ತು. ಅಮ್ಮ ಅಂತ ಒಂದು ಮಾತೂ ಇಲ್ಲ. ಆಪರೇಷನ್ ಸರಿ ಆಗಿಲ್ವಾ?"

ಆಪರೇಷನ್ ಬಹುಮಟ್ಟಿಗೆ ಸರಿಯಾಗಿಯೇ ಆಗಿರುತ್ತದೆ. ತಪ್ಪಿರುವುದು ನಿಮ್ಮ ಲೆಕ್ಕ.

ಮಗುವಿಗೆ ಎಷ್ಟು ವಯಸ್ಸು ಎಂದರೆ ಎಲ್ಲರೂ ಮೂರು, ಮೂರೂವರೆ ಎನ್ನುತ್ತೀರಿ. ಕಿವಿಗೆ ಎಷ್ಟು ವಯಸ್ಸು? ಮಷೀನನ್ನು ಮೊದಲ ಸಲ ಚಾಲೂ ಮಾಡಿದ ದಿನ, ಅಂದರೆ ಸ್ವಿಚ್ ಆನ್ ಆದ ದಿನ ಆ ಕಿವಿ ಹುಟ್ಟಿದ್ದು. ಗಾಯ ಮಾಗಲಿ ಎಂದು ಆಪರೇಷನ್ ಆಗಿ ಎರಡರಿಂದ ನಾಲ್ಕು ವಾರ ಬಿಟ್ಟು ಸ್ವಿಚ್ ಆನ್ ಮಾಡಿರುತ್ತಾರೆ. ಹಾಗಾಗಿ ನಿಮ್ಮ ಆರು ತಿಂಗಳು ಪೂರ್ತಿ ಆರೂ ಅಲ್ಲ. ಕಿವಿ ಕೇಳುವ ಕೂಸು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಕೇಳಲು ಶುರು ಮಾಡುತ್ತದೆ. ಹುಟ್ಟಿದ ಮೇಲೆ ಇನ್ನೂ ಒಂದು ವರ್ಷ ಸುಮ್ನೆ ಕೇಳುತ್ತಾ ಬಿದ್ದಿರುತ್ತದೆ. ಆಮೇಲೆ ಒಂದು ಮಾತು. ಆರು ತಿಂಗಳ ಕೂಸನ್ನು ತೊಡೆ ಮೇಲೆ ಮಲಗಿಸಿಕೊಂಡು "ಇದು ಯಾಕೆ ಮಾತಾಡಲ್ಲ" ಎಂದು ಯಾರಾದರೂ ಅಳುತ್ತಾರಾ?

ಇದೆಲ್ಲ ಆ ವಾಟ್ಸಾಪ್ ವಿಡಿಯೋಗಳಿಂದ ಬಂದದ್ದು. ನೀವೂ ನೋಡಿದ್ದೀರಿ. ಮಷೀನು ಆನ್ ಮಾಡುತ್ತಾರೆ, ಅಮ್ಮ "ಪುಟ್ಟಾ" ಎನ್ನುತ್ತಾಳೆ, ಮಗು ನಗುತ್ತದೆ, ಹಿಂದೆ ಸಂಗೀತ. ನೋಡಿದವರಿಗೆ ಕನ್ನಡಕ ಹಾಕಿದ ಹಾಗೆ ಅನಿಸುತ್ತದೆ. ಹಾಕಿದ್ದೇ ತಡ ಎಲ್ಲ ಸ್ಪಷ್ಟ! ನಮ್ಮ ಮಗಳ ಸ್ವಿಚ್ ಆನ್ ದಿನ ಅವಳು ಕಿರುಚಿ ತಲೆಗೆ ಅಂಟಿಸಿದ್ದ ಕಾಯಿಲ್ ಕಿತ್ತೆಸೆದಳು. ಅಂಥ ವಿಡಿಯೋವನ್ನು ಯಾರೂ ಕಳಿಸುವುದಿಲ್ಲ. ನಗುವ ಮಗುವೂ ನಕ್ಕಿದ್ದು ಏನೋ ಹೊಸದು ಬಂತಲ್ಲ ಎಂದು. ಅದು ತನ್ನ ಹೆಸರು ಎಂದು ಅದಕ್ಕೆ ಗೊತ್ತಿಲ್ಲ. ಶಬ್ದ ಎಂಬುದೇ ಅದಕ್ಕೆ ಗೊತ್ತಿಲ್ಲ.

ಕನ್ನಡಕದ ಮಾತು ಬಿಡಿ, ದಯವಿಟ್ಟು. ಕನ್ನಡಕ ಹಾಕಿದಾಗ ಒಳಗಿನ ಕಣ್ಣು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಇಲ್ಲಿ ಕೆಲಸ ಮಾಡಬೇಕಾದ ಭಾಗವೇ ಹೋಗಿದೆ. ಒಳಕಿವಿಯಲ್ಲಿ ಬಸವನಹುಳದ ಚಿಪ್ಪಿನ ಹಾಗೆ ಸುತ್ತಿಕೊಂಡ ಕಾಕ್ಲಿಯಾ ಇದೆ. ಅದರೊಳಗಿನ ಸೂಕ್ಷ್ಮ ಕೂದಲಿನ ಜೀವಕೋಶಗಳು ಶಬ್ದವನ್ನು ನರಕ್ಕೆ ದಾಟಿಸುತ್ತವೆ. ಆ ಕೆಲಸದ ದೊಡ್ಡ ಪಾಲು ಹೊತ್ತ ಒಳಸಾಲಿನಲ್ಲೇ ಸುಮಾರು 3,500 ಇರುತ್ತವೆ. ಡಾಕ್ಟರು ಒಳಗೆ ತೂರಿಸುವ ಎಳೆಯಲ್ಲಿ ಎಲೆಕ್ಟ್ರೋಡು ಎಷ್ಟು? ಕಂಪನಿ ನೋಡಿಕೊಂಡು 12, 16 ಅಥವಾ 22. ಇಷ್ಟರಲ್ಲೇ ಅಮ್ಮನ ದನಿ, ಕುಕ್ಕರ್ ಸೀಟಿ, ತಾರ್ಲೆ ಮೀನು ಮಾರುವವಳ ಕೂಗು ಎಲ್ಲವೂ ಸಣ್ಣ ಸಣ್ಣ ಕರೆಂಟಾಗಿ ನರಕ್ಕೆ ಹೋಗಬೇಕು. ದೊಡ್ಡವರಾದ ಮೇಲೆ ಕಿವಿ ಹೋಗಿ ಇಂಪ್ಲಾಂಟ್ ಹಾಕಿಸಿಕೊಂಡವರಲ್ಲಿ ಅನೇಕರು ಮೊದಮೊದಲು ಬರೀ ಬೀಪ್ ಬೀಪ್, ರೋಬೋಟ್ ಮಾತಾಡಿದ ಹಾಗೆ ಎನ್ನುತ್ತಾರೆ. ಅವರಿಗೆ ಭಾಷೆ ಮೊದಲೇ ಗೊತ್ತಿತ್ತು. ನಿಮ್ಮ ಮಗುವಿಗೆ ಅದೂ ಇಲ್ಲ. ಬೀಪಿನ ರಾಶಿಯಲ್ಲಿ ಯಾವುದು ಅಮ್ಮ, ಯಾವುದು ಮಿಕ್ಸಿ ಎಂದು ಮಿದುಳು ಒಂದೊಂದೇ ಬಿಡಿಸಿಕೊಳ್ಳಬೇಕು. ಮಷೀನನ್ನು ಆಯಾ ಮಗುವಿಗೆ ಹೊಂದಿಸುವುದಕ್ಕೆ ಮ್ಯಾಪಿಂಗ್ ಎನ್ನುತ್ತಾರೆ. ಮ್ಯಾಪಿಂಗ್‌ನಲ್ಲಿ ಶಬ್ದದ ಮಟ್ಟವನ್ನೂ ಮೊದಲೇ ಪೂರ್ತಿ ಕೊಡುವುದಿಲ್ಲ, ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಅದಕ್ಕೇ ಪದೇ ಪದೇ ಕರೆಸುವುದು. ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿ ಬರುವಷ್ಟರಲ್ಲಿ ಮಗು ಎರಡು ಸಲ ವಾಂತಿ ಮಾಡಿಕೊಳ್ಳುತ್ತದೆ, ನನಗೂ ಗೊತ್ತು. ಆದರೂ ತಪ್ಪಿಸಬೇಡಿ.

ಹಾಗಾದರೆ ಆರು ತಿಂಗಳಲ್ಲಿ ಏನು ನೋಡಬೇಕು? ಬಾಯಿ ನೋಡಬೇಡಿ, ತಲೆ ನೋಡಿ. ಕರೆದರೆ ತಿರುಗುತ್ತದಾ? ಬ್ಯಾಟರಿ ಮುಗಿದರೆ ಮುಖ ಪೆಚ್ಚಾಗುತ್ತದಾ? ಬೆಳಿಗ್ಗೆ ತಾನೇ ಮಷೀನು ಬೇಕೆಂದು ಕೈ ಚಾಚುತ್ತದಾ? ಇವೆಲ್ಲ ಶುರುವಾಗಿದ್ದರೆ ದಾರಿ ಸರಿ ಇದೆ. ಯಾವ ಶಬ್ದಕ್ಕೂ ತಿರುಗುತ್ತಲೇ ಇಲ್ಲವೆಂದರೆ ನನಗೆ ಫೋನು ಮಾಡುತ್ತಾ ಕೂರಬೇಡಿ, ಮ್ಯಾಪಿಂಗ್ ಮಾಡುವವರ ಹತ್ತಿರ ಹೋಗಿ.

ನಾವು ದಿನಾ ಬೆಳಿಗ್ಗೆ ಆರು ಶಬ್ದ ಹೇಳುತ್ತಿದ್ದೆವು. ಮ್, ಉ, ಆ, ಇ, ಶ್, ಸ್. ತಗ್ಗಿನ ದನಿಯಿಂದ ತೀರಾ ಏರಿನ ದನಿಯವರೆಗೆ ಮಾತಿಗೆ ಬೇಕಾದದ್ದೆಲ್ಲ ಇದರಲ್ಲಿ ಬಂತು. ಲಿಂಗ್ ಟೆಸ್ಟ್ ಎನ್ನುತ್ತಾರೆ. ನಾನು ಪಕ್ಕದಲ್ಲಿ ಕೂರುತ್ತಿದ್ದೆ, ತುಟಿ ಕಾಣಬಾರದು. ಕೇಳಿಸಿದಾಗೆಲ್ಲ ಅವಳು ಕಡಲದಂಡೆಯಿಂದ ಆರಿಸಿ ತಂದ ಚಿಪ್ಪು ಒಂದನ್ನು ಬಟ್ಟಲಿಗೆ ಹಾಕಬೇಕು. ಒಂದು ಜುಲೈನಲ್ಲಿ "ಸ್"ಗೆ ಚಿಪ್ಪು ಬೀಳಲಿಲ್ಲ. ಮಾರನೇ ದಿನ "ಶ್"ಗೂ ಇಲ್ಲ. ನೋಡಿದರೆ ಮೈಕಿಗೆ ತೇವ ಹಿಡಿದಿತ್ತು. ನಮ್ಮ ಕಡೆಯ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ, ಇನ್ನು ಹೊರಗೆ ಹಾಕುವ ಈ ಮಷೀನನ್ನು ಬಿಡುತ್ತದಾ? ರಾತ್ರಿ ಡ್ರೈ ಬಾಕ್ಸಿನಲ್ಲಿಡಿ, ಅದರಲ್ಲಿರುವ ತೇವ ಹೀರುವ ಸಿಲಿಕಾ ಹರಳಿನ ಬಣ್ಣ ಬದಲಾದರೆ ಹೊಸದು ಹಾಕಿ. ಹಂಚಿನ ಮೇಲೆ ಮಳೆ ಹೊಯ್ಯುವಾಗ ದೂರದಿಂದ ಕೂಗಿ ಉಪಯೋಗವಿಲ್ಲ, ಗದ್ದಲದಲ್ಲಿ ಮಾತು ಹೆಕ್ಕುವುದು ಈ ಮಷೀನಿಗೆ ಬಹಳ ಕಷ್ಟ. ಹತ್ತಿರ ಹೋಗಿ ಮಾತಾಡಿ.

ಮತ್ತೆ ಆ "ಅಪ್ಪ ಅನ್ನು, ಅಮ್ಮ ಅನ್ನು" ನಿಲ್ಲಿಸಿ. ಬಂದವರೆಲ್ಲ ಮಗುವಿಗೆ ಪರೀಕ್ಷೆ ಇಡುತ್ತಾರೆ. ಮೀನು ತೊಳೆಯುತ್ತಿದ್ದರೆ ಮೀನಿನ ಮಾತಾಡಿ, ಬಟ್ಟೆ ಒಣಹಾಕುವಾಗ ಬಟ್ಟೆಯ ಮಾತು. ಎಚ್ಚರ ಇರುವಷ್ಟು ಹೊತ್ತೂ ಮಷೀನು ತಲೆ ಮೇಲಿರಲಿ. ಮದುವೆಗೆ, ಶಾಲೆಗೆ ಮಾತ್ರ ಹಾಕುವ ಒಡವೆಯಲ್ಲ ಅದು.

ಯಾವ ಭಾಷೆಯಲ್ಲಿ ಮಾತಾಡಬೇಕು ಎಂದು ಮಾತ್ರ ಯಾರೂ ನನ್ನನ್ನು ಕೇಳುವುದಿಲ್ಲ, ಆಗಲೇ ತೀರ್ಮಾನ ಮಾಡಿಕೊಂಡಿರುತ್ತಾರೆ. ಕಾರವಾರದಲ್ಲಿ ಮನೆ ಮಾತು ಕೊಂಕಣಿ, ಶಾಲೆ ಕನ್ನಡ, ಆಸೆ ಇಂಗ್ಲಿಷು. ನಮಗೂ ಒಬ್ಬರು ಹೇಳಿದ್ದರು, ಮಗುವಿಗೆ ಗೊಂದಲ ಆಗುತ್ತದೆ, ಕೊಂಕಣಿ ಬಿಟ್ಟುಬಿಡಿ ಎಂದು. ಬಿಟ್ಟೆವು. ಅತ್ತೆಗೆ ಕನ್ನಡ ಅಷ್ಟಕ್ಕಷ್ಟೇ. ತಪ್ಪಾದರೆ ಮೊಮ್ಮಗಳು ಹಾಳಾಗುತ್ತಾಳೆಂದು ಹೆದರಿ ಅವರು ಬಾಯಿಯೇ ಮುಚ್ಚಿಕೊಂಡರು. ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ಮಾತಾಡುತ್ತಿದ್ದ ಹೆಂಗಸು! ಮೂರು ತಿಂಗಳು ಹಾಗೇ ಹೋಯಿತು. ಕೊನೆಗೆ ಥೆರಪಿಯ ಟೀಚರಿಗೆ ಗೊತ್ತಾಗಿ ನನಗೆ ಸರಿಯಾಗಿ ಬೈದರು. ನಿಮಗೆ ಸಲೀಸಾಗಿ, ತಡವರಿಸದೆ ಬರುವ ಭಾಷೆಯಲ್ಲೇ ಮಾತಾಡಿ, ಅದು ಗಟ್ಟಿಯಾದರೆ ಎರಡನೆಯದೂ ಬರುತ್ತದೆ ಎಂದರು. ಇಂಪ್ಲಾಂಟ್ ಇರುವ ಮಕ್ಕಳು ಎರಡು ಭಾಷೆ ಕಲಿಯುತ್ತಾರೆ. ನಮ್ಮವಳು ಈಗ ಐದನೇ ಕ್ಲಾಸು, ಜಗಳ ಎರಡರಲ್ಲೂ ಆಡುತ್ತಾಳೆ.

ಅವತ್ತು ಸಂಜೆಯೇ ಅತ್ತೆಗೆ ಹೇಳಿದೆ, ಇನ್ನು ನೀವು ಮಾತಾಡಬಹುದು ಎಂದು. ಮೂರು ತಿಂಗಳ ಬಾಕಿ ಒಂದೇ ವಾರದಲ್ಲಿ ತೀರಿಸಿದರು. ಹಿತ್ತಲಿನಿಂದ ದಿನವಿಡೀ "ಯೋ ಗೋ, ಯೋ ಗೋ", ಅಂದರೆ ಬಾರೇ ಬಾರೇ, ಎಂದು ಮಗಳನ್ನು ಕರೆಯುವುದೇ ಕರೆಯುವುದು. ಸ್ವಿಚ್ ಆನ್ ಆಗಿ ಹದಿನಾಲ್ಕನೇ ತಿಂಗಳಲ್ಲಿ ಅವಳ ಮೊದಲ ಮಾತು ಬಂತು. ಅಮ್ಮ ಅಲ್ಲ, ಅಪ್ಪನೂ ಅಲ್ಲ. ಮೀನಿನ ಬುಟ್ಟಿಯ ಹತ್ತಿರ ಕೂತಿದ್ದ ಬೆಕ್ಕಿಗೆ ಕೈ ಬೀಸಿ "ಯೋ" ಅಂದಳು. ಬೆಕ್ಕು ಬರಲಿಲ್ಲ.